ಕ್ಲಿಕ್‌ಗಿಂತ ಮೊದಲು ಗಂಟಲು: ಚಿತ್ರಸಂಗೀತದ ಸ್ನಾತಕೋತ್ತರ ಯೋಜನೆಯಲ್ಲಿ ನನ್ನ ಅನುಭವ

ಸುಮಾರು 14 ನಿಮಿಷದ ಕಿರುಚಿತ್ರ, ಅದಕ್ಕೆ ಒಂಬತ್ತು ನಿಮಿಷದಷ್ಟು ಸಂಗೀತ, ಜೊತೆಗೊಂದು ಪ್ರಬಂಧ: ಕೊನೆಯ ವರ್ಷದ ಯೋಜನೆ ಇಷ್ಟೇ. ಇಡೀ ಸಂಗೀತವನ್ನು ಮೊದಲು ಚಿತ್ರ ನೋಡುತ್ತ ಬಾಯಲ್ಲೇ ಗುನುಗಿ, ಆ ಗುನುಗಿನಿಂದಲೇ ಟೆಂಪೊ ಮ್ಯಾಪ್ (ಸಂಗೀತದ ವೇಗ ಎಲ್ಲೆಲ್ಲಿ ಎಷ್ಟು ಎಂಬ ನಕ್ಷೆ) ತೆಗೆಯುತ್ತೇನೆ ಎಂದಾಗ ಸಹಪಾಠಿಗಳು ನಕ್ಕರು. ಮಾರ್ಗದರ್ಶಕರು ನಗಲಿಲ್ಲ. "ಗಂಟಲನ್ನು ನಂಬಿ ಸ್ಟುಡಿಯೊ ಕಾಯ್ದಿರಿಸಬೇಡ, ಬಾಡಿಗೆ ನೀನೇ ಕಟ್ಟಬೇಕಾಗುತ್ತದೆ" ಎಂದರು. ಈಗ ಅಂಕಪಟ್ಟಿ ಕೈಯಲ್ಲಿದೆ, ಧೈರ್ಯವಾಗಿ ಬರೆಯಬಹುದು.

ಅದಕ್ಕೂ ಮುಂಚೆ ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440; ಅದನ್ನು ಟೆಂಪೊದಿಂದ, ಅಂದರೆ ನಿಮಿಷಕ್ಕೆ ಬೀಳುವ ಬೀಟುಗಳ ಸಂಖ್ಯೆಯಿಂದ, ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ ಸಿಗುತ್ತದೆ. 96 ಇಟ್ಟರೆ 15 ಫ್ರೇಮ್. ಹಿಟ್ ಪಾಯಿಂಟ್‌ಗಳೆಲ್ಲ (ಚಿತ್ರದಲ್ಲಿ ಸಂಗೀತ ತಾಕಬೇಕಾದ ಕ್ಷಣಗಳು) ಬೀಟಿನ ಮೇಲೆ ಅಚ್ಚುಕಟ್ಟಾಗಿ ಬಂದು ಕೂತವು, ದೃಶ್ಯ ಮಾತ್ರ ಸತ್ತುಹೋಯಿತು. ಬಾಗಿಲು ಯಾವಾಗ ತೆರೆಯುತ್ತದೆ ಎಂದು ಸಂಗೀತಕ್ಕೆ ಮೊದಲೇ ಗೊತ್ತಿರುವಂತೆ ಕೇಳಿಸುತ್ತಿತ್ತು. ಸಮಸ್ಯೆ ವಾದ್ಯಗಳ ದನಿಯಲ್ಲಿರಬೇಕು ಎಂದುಕೊಂಡು ಯೋಜನೆಗೆ ಎತ್ತಿಟ್ಟಿದ್ದ ಹಣದಲ್ಲಿ ಮೂರನೇ ಒಂದು ಪಾಲನ್ನು ದೊಡ್ಡದೊಂದು ತಂತಿವಾದ್ಯ ಲೈಬ್ರರಿಗೆ (ಕಂಪ್ಯೂಟರಿನಲ್ಲಿ ನುಡಿಸಲು ಮುದ್ರಿಸಿಟ್ಟ ವಾದ್ಯದನಿಗಳ ಕಟ್ಟು) ಸುರಿದೆ. ದನಿ ಚೆಂದವಾಯಿತು, ದೃಶ್ಯ ಎದ್ದು ಕೂರಲಿಲ್ಲ. ಆ ಹಣ ಈಗಲೂ ಹೊಟ್ಟೆ ಉರಿಸುತ್ತದೆ.

ಗುನುಗುವುದಕ್ಕೂ ಒಂದು ಕ್ರಮವಿದೆ. ಸಂಭಾಷಣೆ ಹೆಡ್‌ಫೋನಿನಲ್ಲಿ ಇರಲಿ, ಟೆಂಪ್ ಸಂಗೀತ (ಸಂಕಲನದ ವೇಳೆ ತಾತ್ಕಾಲಿಕವಾಗಿ ಹಾಕಿದ್ದು) ಪೂರ್ತಿ ಬಂದ್. ಮೊದಲ ಟೇಕುಗಳಲ್ಲಿ ಗಂಟಲು ನಟರ ಬೆನ್ನು ಹತ್ತುತ್ತದೆ. ಅವರು ತಿರುಗಿದಾಗ ತಿರುಗುತ್ತದೆ. ಅವನ್ನು ಎಸೆಯಿರಿ. ನನಗೆ ಸಾಮಾನ್ಯವಾಗಿ ನಾಲ್ಕನೆಯದೋ ಐದನೆಯದೋ ಒದಗುತ್ತಿತ್ತು. ಆಮೇಲೆ ಆ ಗುನುಗಿನ ಜೊತೆ ಕೀಲಿಮಣೆಯಲ್ಲಿ ಬೀಟ್ ತಟ್ಟಿ, ಟೆಂಪೊ ಲೆಕ್ಕವನ್ನು ಸಾಫ್ಟ್‌ವೇರಿಗೆ ಬಿಡಬೇಕು. ಬರುವ ಮ್ಯಾಪ್ 71, 78, 69 ಎಂದು ಕುಣಿದಾಡುತ್ತದೆ. ಹಾಗೆಯೇ ಕೊಟ್ಟರೆ ವಾದಕರು ಎದ್ದು ಹೋಗುತ್ತಾರೆ. ಎರಡು ಮೂರು ಅಂಕಿಗಳ ಏರಿಳಿತವನ್ನೆಲ್ಲ ಸವರಿ ಸಮ ಮಾಡಿದೆ, ದೊಡ್ಡ ಇಳಿತಗಳನ್ನು ಉಳಿಸಿಕೊಂಡೆ. ಯಾವುದನ್ನು ಉಳಿಸುವುದು ಎಂದು ತೀರ್ಮಾನಿಸಲು ನನ್ನದೇ ಒಂದು ಉಪಾಯವಿದೆ. ಇನ್ನೊಂದು ಚಿತ್ರ ಮುಗಿಯುವವರೆಗೆ ಅದು ನನ್ನಲ್ಲೇ ಇರಲಿ.

ಒಂದು ದೃಶ್ಯ ಹೇಳುತ್ತೇನೆ. ಮಗ ಫೋನ್ ಎತ್ತಿಕೊಂಡು ಸುಮ್ಮನೆ ನಿಂತಿದ್ದಾನೆ. ಮಾತು ಬರುವುದಕ್ಕೆ ಹತ್ತು ಹನ್ನೆರಡು ಫ್ರೇಮ್ ಮೊದಲು ಅವನು ಉಸಿರೆಳೆದುಕೊಳ್ಳುತ್ತಾನೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ, ಆದರೆ ನನ್ನ ಗುನುಗು ಪ್ರತಿ ಟೇಕಿನಲ್ಲೂ ಅಲ್ಲೇ ನಿಂತಿತ್ತು. ಲೆಕ್ಕ ಹಾಕಿ ಬರೆದಿದ್ದ ಹಳೆಯ ಆವೃತ್ತಿಯಲ್ಲಿ ಚೆಲ್ಲೊ ಸರಿಯಾಗಿ ಆ ಉಸಿರಿನ ಮೇಲೇ ಬಿಲ್ಲು ಎಳೆಯುತ್ತಿತ್ತು.

ನಡುವೆ ಒಂದು ಅಡ್ಡದಾರಿ. ಅಡುಗೆಮನೆಯ ದೃಶ್ಯದ ಧ್ವನಿಯಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆ ಸೇರಿಕೊಂಡಿತ್ತು, ತೆಗೆದರೆ ಮಾತು ಹಾಳಾಗುತ್ತಿತ್ತು. 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಎಂದರೆ ತಗ್ಗಿನ ಜಿ ಸ್ವರಕ್ಕಿಂತ ಸುಮಾರು 35 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಮೇಲೆ. ಅದನ್ನೇ ಆಧಾರ ಸ್ವರವೆಂದು ಹಿಡಿದು ಆ ಭಾಗವನ್ನೆಲ್ಲ ಅಷ್ಟು ಮೇಲೇರಿಸಿದೆ. ಚೆಲ್ಲೊದ ಎ ತಂತಿಯನ್ನು 220 ಹರ್ಟ್ಸ್ ಬದಲು ಸುಮಾರು 224.5ಕ್ಕೆ ಬಿಗಿಯಬೇಕಾಯಿತು. ವಾದಕಿ ಗೊಣಗಿದರೂ ಬಿಗಿದರು. ಕ್ಲಾರಿನೆಟ್ ಅಷ್ಟು ಸುಲಭವಾಗಿ ಮೇಲೇರುವುದಿಲ್ಲ, ಆ ಭಾಗದಿಂದ ಅದನ್ನು ಕೈಬಿಟ್ಟೆ. ಪರೀಕ್ಷಕರಲ್ಲಿ ಒಬ್ಬರು ಆ ಫ್ರಿಜ್ಜನ್ನು ನಾನೇ ಸಂಯೋಜಿಸಿದ್ದು ಎಂದುಕೊಂಡರು. ತಿದ್ದಲು ಹೋಗಲಿಲ್ಲ.

ಪಿಕ್ಚರ್ ಲಾಕ್ ಆಯಿತೆಂದು, ಅಂದರೆ ಇನ್ನು ಸಂಕಲನ ಬದಲಾಗದೆಂದು, ಹೇಳಿದ ಮೇಲೂ ಸಂಕಲನಕಾರರು ಮೂರು ಸೆಕೆಂಡಿನಷ್ಟು ಕತ್ತರಿಸಿದರು. ಲಾಕ್ ಎಂಬುದಕ್ಕೆ ಅಷ್ಟೇ ಬೆಲೆ, ನಿಮಗೂ ಗೊತ್ತು. ನಾನು ಆ ಒಂದು ಸಾಲನ್ನಷ್ಟೇ ಮತ್ತೆ ಗುನುಗಿ ಮ್ಯಾಪಿಗೆ ಹೊಲಿದೆ, ಒಂದು ಸಂಜೆಯ ಕೆಲಸ. ಅದೇ ಬ್ಯಾಚಿನ ಗೆಳೆಯ ತನ್ನ ಚಿತ್ರದಲ್ಲಿ ಇಂಥದ್ದೇ ಕತ್ತರಿಗೆ ಸಿಕ್ಕಿ, 7/8ರ ಒಂದು ಬಾರ್ (ಮೂರೂವರೆ ಬೀಟಿನ ಆವರ್ತ) ತುರುಕಿ ವಾರವಿಡೀ ಒದ್ದಾಡಿದ.

ಉಳಿದ ಹಣದಲ್ಲಿ ಬಹುಪಾಲು ಇಬ್ಬರು ವಾದಕರಿಗೆ, ಮೂರು ಗಂಟೆಯ ಸ್ಟುಡಿಯೊಗೆ ಹೋಯಿತು. ಮೈಕ್ ಜೋಡಿಸುವುದಕ್ಕೇ ಮೊದಲ ಅರ್ಧ ಗಂಟೆ ಕರಗುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಹೆಡ್‌ಫೋನಿನಲ್ಲಿ ಕ್ಲಿಕ್, ಅಂದರೆ ಬೀಟ್ ತೋರಿಸುವ ಟಿಕ್‌ಟಿಕ್, ಜೊತೆಗೆ ನನ್ನ ಗುನುಗನ್ನೂ ಸಣ್ಣಗೆ ಕೇಳಿಸಿದೆ. ಮೊದಲು ಮುಜುಗರ, ಆಮೇಲೆ ಕ್ಲಾರಿನೆಟ್ ವಾದಕರೇ ಕ್ಲಿಕ್ ತೆಗೆಯಿರಿ, ಗುನುಗು ಸಾಕು ಎಂದರು. ಎಲ್ಲ ಮುಗಿದ ಮೇಲೂ ಇಪ್ಪತ್ತು ನಿಮಿಷ ಉಳಿಯಿತು. ಮುಂದಿನ ತಂಡಕ್ಕೆ ತೋರಿಸಲೆಂದು ಮಾರ್ಗದರ್ಶಕರು ಸೆಷನ್ ಫೈಲ್ ಕೇಳಿ ಪಡೆದರು.

ಓಟದ ದೃಶ್ಯಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ಏದುಸಿರು ಬಿಡುತ್ತ ಗುನುಗಿದರೆ ವೇಗ ಏರುತ್ತಲೇ ಹೋಗುತ್ತದೆ. ಅಲ್ಲಿ 144ರ ಕ್ಲಿಕ್ ಹಾಕಿಬಿಟ್ಟೆ. ಬೀಟಿಗೆ ಸರಿಯಾಗಿ ಹತ್ತು ಫ್ರೇಮ್.