ಸ್ಕೇಟಿಂಗ್ ಕೋಚಿಂಗ್: ಹುಡುಗ್ರ ವಯಸ್ಸು ನೋಡಿ ಪ್ರಾಕ್ಟೀಸ್ ಕೊಡ್ರಿ

ನಮ್ಮ ಹುಬ್ಬಳ್ಳಿ ಕಡೆ ಐಸ್ ಎಲ್ಲಿಂದ ಬರಬೇಕ್ರಿ, ಎಲ್ಲಾ ಗಾಲಿ ಮ್ಯಾಲೇ. ಆದ್ರ ಐಸ್ ಇರ್ಲಿ ಗಾಲಿ ಇರ್ಲಿ, 7 ವರ್ಷದ ಕೂಸಿಗೆ ದಿನಾ 40 ಲ್ಯಾಪ್ ಹೊಡಸೂದು ತಪ್ಪು, ಅಪ್ಪಂದ್ರು ಮೆಡಲ್ ಮೆಡಲ್ ಅಂತ ಎಷ್ಟ್ ಒದರಿದ್ರೂ.

6ರಿಂದ 9ರ ತನಕ ಆಟಾನೇ ಪ್ರಾಕ್ಟೀಸ್. ಮುಟ್ಟಾಟ, ಒಂದ ಕಾಲ ಮ್ಯಾಲೆ ಜಾರೂದು, ಬೀಳೂದು ಕಲಿಸೂದು, ಜೊತಿಗೆ ಖೋಖೋನೂ ಆಡ್ಲಿ. ಆಮ್ಯಾಲೆ 11-12ರ ತನಕ ಟೆಕ್ನಿಕ್: ಮೊಣಕಾಲ ಬಗ್ಗಿಸಿ ಕೆಳಗ ಕುಂದ್ರೂದು, ಕಾಲು ಹಿಂದಕ್ಕಲ್ಲ, ಪಕ್ಕಕ್ಕ ತಳ್ಳೂದು. ರೇಸ್ ಎಡಕ್ಕೇ ತಿರಗತೈತಿ ಅಂತ ಬರೇ ಎಡಗಡೆ ಕ್ರಾಸ್‌ಓವರ್ (ತಿರುವಿನ್ಯಾಗ ಒಂದ ಕಾಲಿನ ಮುಂದ ಇನ್ನೊಂದ ಕಾಲ ದಾಟಿಸಿ ಇಡೂದು) ಮಾಡಸ್ತಾರ, ಬಲಕ್ಕೂ ಮಾಡಸ್ರಿ, ಇಲ್ಲಾಂದ್ರ ಮೈ ಒಂದ ಕಡೆ ವಾಲತೈತಿ.

ಇಲ್ಲೇ ನೋಡ್ರಿ ಎಲ್ಲಾರೂ ಎಡವೂದು. ಹೆಣ್ಮಕ್ಕಳು ಸುಮಾರು 12ಕ್ಕ, ಗಂಡಹುಡುಗ್ರು 14ರ ಹೊತ್ತಿಗೆ ಒಮ್ಮೆಲೆ ಎತ್ತರ ಆಗ್ತಾರ, ಎಲ್ಲಾರಿಗೂ ಒಂದ ವಯಸ್ಸಿಗೆ ಆಗೂದಿಲ್ಲ, ಅದಕ್ಕ 3 ತಿಂಗಳಿಗೊಮ್ಮೆ ಗ್ವಾಡಿಗೆ ನಿಲ್ಲಿಸಿ ಪೆನ್ಸಿಲ್‌ಲೇ ಗುರ್ತ ಹಾಕಿ ತಾರೀಖು ಬರೀರಿ, ಗೆರಿ ಒಮ್ಮೆಲೆ ಮ್ಯಾಲೆ ಜಿಗಿತು ಅಂದ್ರ ಜಂಪ್, ಸ್ಕ್ವಾಟ್ ಕಡಿಮಿ ಮಾಡಿ ಬ್ಯಾಲೆನ್ಸ್ ಮತ್ತ ಮೊದಲಿಂದ ಕಲಸ್ರಿ. ಮೊಣಕಾಲ ಚಿಪ್ಪಿನ ಕೆಳಗ ನೋವು ಅಂದ್ರ ನಾಟಕ ಅನ್ನಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ. ನಾನೂ ಒಬ್ಬಾವ್ನಿಗೆ ಹಂಗ ಅಂದು ಆಮ್ಯಾಲೆ ಹಳಹಳಿಸೇನಿ.

ದೊಡ್ಡ 110 ಎಂಎಂ ಗಾಲಿಗೆ ಸಣ್ಣಾವ್ರಿಗೆ ಅವಸರ ಬ್ಯಾಡ, 80-90 ಸಾಕು, ಅಪ್ಪನ ಕಿಸೇನೂ ಉಳೀತೈತಿ. ಭಾರ ಎತ್ತೂದು, ಇಂಟರ್ವಲ್ (ಜೋರ್ ಹೊಡದು, ನಡುವ ದಮ್ ತಗೊಂಡು, ಮತ್ತ ಜೋರ್ ಹೊಡಿಯೂದು), ರೇಸ್ ತಂತ್ರ ಎಲ್ಲಾ ಒಮ್ಮೆಲೆ ಎತ್ತರ ಆಗೂದು ನಿಂತ ಮ್ಯಾಲೆ.