ಟಿಲ್ಲರ್ ಹಗುರಾಯಿತು, ಹೊಸ ಹಾಯಿ ಬೇಕಾಗಲಿಲ್ಲ

ನನ್ನ ಹಳೇ ಎಂಟರ್‌ಪ್ರೈಸ್ ಹಾಯಿದೋಣಿಯ ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿ) ಈಗ ಎರಡು ಬೆರಳಲ್ಲಿ ನಿಲ್ಲುತ್ತದೆ. ಹೋದ ಮಳೆಗಾಲದವರೆಗೂ ಕೆಆರ್‌ಎಸ್ ಹಿನ್ನೀರಿನಲ್ಲಿ ಗಾಳಿ ಕೊಂಚ ಜೋರಾದರೆ ತೋಳು ಕಿತ್ತು ಬರುವ ಹಾಗೆ ಎಳೆಯುತ್ತಿತ್ತು. "ಹಾಯಿ ಸತ್ತುಹೋಗಿದೆ ಸಾರ್, ಬದಲಾಯಿಸಿ" ಅಂತ ಎಲ್ಲರದ್ದೂ ಒಂದೇ ಮಾತು. ಹೊಸ ದೊಡ್ಡ ಹಾಯಿ ಮೇನ್ ಮತ್ತು ಮುಂದಿನ ಚಿಕ್ಕ ಹಾಯಿ ಜಿಬ್‌ಗೆ ಹೇಳಿದ ಬೆಲೆ ಹತ್ತಿರ ಹತ್ತಿರ 60 ಸಾವಿರ. ನನಗೆ ಖರ್ಚಾಗಿದ್ದು ಏಳು ಸಾವಿರದೊಳಗೆ. ಅದರಲ್ಲೂ ಅರ್ಧ ದಂಡ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋರ್‌ಸ್ಟೇ (ಮುಂದಿನಿಂದ ಕಂಬವನ್ನು ಹಿಡಿದಿರುವ ತಂತಿ) ಗಿಡ್ಡ ಮಾಡಿ ಮಾಸ್ಟ್, ಅಂದರೆ ಹಾಯಿಕಂಬದ, ತುದಿಯನ್ನು ಐದು ಸೆಂ.ಮೀ.ನಷ್ಟು ಮುಂದಕ್ಕೆ ತಂದೆ. ಜೋರು ಗಾಳಿಯಲ್ಲಿ ಎಳೆತ ಹಾಗೇ ಇತ್ತು. ಸಣ್ಣ ಗಾಳಿಯಲ್ಲಿ ಮಾತ್ರ ಟಿಲ್ಲರ್ ಬಿಟ್ಟರೆ ದೋಣಿ ಗಾಳಿಗೆ ಬೆನ್ನು ತಿರುಗಿಸಲು ಶುರು ಮಾಡಿತು. ಅರ್ಧ ವಾಪಸ್ ಬಿಟ್ಟೆ.

ಆಮೇಲೆ ಉದ್ದ ಟಿಲ್ಲರ್. ಸನ್ನೆ ಉದ್ದವಾದರೆ ಭಾರ ಕಮ್ಮಿ, ಅಲ್ವಾ? ಅಲ್ಯೂಮಿನಿಯಂ ಪೈಪಿಗೆ ಸಾವಿರದ ಚಿಲ್ಲರೆ ಹೋಯಿತು. ಭಾರವೇನೋ ಕಮ್ಮಿಯಾಯಿತು, ಆದರೆ ಗಾಳಿಯ ಇನ್ನೊಂದು ಬದಿಗೆ ದೋಣಿ ತಿರುಗಿಸುವ ಪ್ರತಿ ಟ್ಯಾಕ್‌ನಲ್ಲೂ ಕ್ರೂ ಹುಡುಗನ ಮೊಣಕಾಲಿಗೆ ಏಟು. "ಅಂಕಲ್, ಇದನ್ನ ತೆಗೀರಿ, ಇಲ್ಲಾ ನನ್ನ ಬಿಡಿ" ಅಂದ. ಈಗ ಅದು ನಮ್ಮನೆ ಹಾಲ್‌ನಲ್ಲಿ ಪರದೆ ಕಂಬಿ.

ದಾರಿ ಸಿಕ್ಕಿದ್ದು ಒಂದು ತುಂಡು ಬಿಳಿ ಟೇಪಿನಿಂದ. ದೋಣಿಯ ಹಿಂಬದಿ ಹಲಗೆ ಟ್ರಾನ್ಸಮ್ ಮೇಲೆ ಅದನ್ನು ಅಂಟಿಸಿ ಐದೈದು ಡಿಗ್ರಿಗೆ ಗೆರೆ ಹಾಕಿದೆ. ಗಾಳಿ ಹೊಡೆದಾಗ ಟಿಲ್ಲರ್ ಎಲ್ಲಿದೆ ನೋಡಿದರೆ, ನಡುವಿನಿಂದ ಐದು ಡಿಗ್ರಿಯೂ ದಾಟಿಲ್ಲ! ಅಷ್ಟು ವೆದರ್ ಹೆಲ್ಮ್ (ದೋಣಿ ತಾನಾಗಿ ಗಾಳಿ ಕಡೆ ತಿರುಗುವ ಎಳೆತ) ಇರಲೇಬೇಕು. ದೋಣಿಯ ಸಮತೋಲ ಕೆಟ್ಟಿದ್ದರೆ ಹತ್ತು ಹದಿನೈದು ಡಿಗ್ರಿ ಎಳೆದು ಹಿಡಿಯಬೇಕಾಗುತ್ತದೆ. ಕೋನ ಕಮ್ಮಿ, ಭಾರ ಜಾಸ್ತಿ ಅಂದರೆ ರೋಗ ಹಾಯಿಯಲ್ಲಿಲ್ಲ, ಚುಕ್ಕಾಣಿಯಲ್ಲೇ ಇದೆ. ಇದನ್ನು ಹೇಳಿದರೆ ಯಾರೂ ನಂಬಲಿಲ್ಲ.

ದಡದಲ್ಲಿ ಚುಕ್ಕಾಣಿಯ ಬ್ಲೇಡ್, ಅಂದರೆ ನೀರಿಗಿಳಿಯುವ ಹಲಗೆ, ಪೂರ್ತಿ ಕೆಳಗೆ ಇಳಿದೇ ಇರುತ್ತಿತ್ತು. ಬ್ಲೇಡಿನ ತಲೆಯ ಮೇಲೆ, ಅದನ್ನು ಎರಡೂ ಕಡೆಯಿಂದ ಹಿಡಿದಿರುವ ಚೀಕ್ ಪ್ಲೇಟಿನ ಅಂಚಿಗೆ ಸರಿಯಾಗಿ, ಪೆನ್ಸಿಲ್ ಗೆರೆ ಎಳೆದು ನೀರಿಗಿಳಿದೆ. ವೇಗ ಬಂದ ಕೂಡಲೇ ಗೆರೆ ಒಂದು ಬೆರಳಿಗಿಂತ ಜಾಸ್ತಿ ಸರಿಯಿತು. ಮೇಲೆ ಅಷ್ಟು ಸರಿದರೆ ನೀರೊಳಗೆ ತುದಿ ಮುಕ್ಕಾಲು ಗೇಣು ಹಿಂದೆ ಹೋಗಿರುತ್ತದೆ. ನೀರಿನ ಒತ್ತಡವೆಲ್ಲ ಚುಕ್ಕಾಣಿ ತಿರುಗುವ ಕೀಲಿನ (ಪಿಂಟಲ್) ಗೆರೆಯಿಂದ ದೂರ ಹಿಂದೆ ಬಿದ್ದರೆ ಕೈ ನೋಯದೆ ಇನ್ನೇನು? ಕಾರಣ ಬ್ಲೇಡನ್ನು ಕೆಳಗೆ ಎಳೆದಿಡುವ ಡೌನ್‌ಹಾಲ್. ನೈಲಾನ್ ಹಗ್ಗ, ರಬ್ಬರಿನಂತೆ ಹಿಗ್ಗುತ್ತಿತ್ತು.

ಅಲ್ಲಿಗೆ ಅಷ್ಟಾಗಿ ಹಿಗ್ಗದ ಡೈನೀಮಾ ಹಗ್ಗ ಹಾಕಿದೆ. ನಾಲ್ಕು ಮಿ.ಮೀ., ಒಂದೂವರೆ ಮೀಟರ್ ಸಾಕು. ಪಿನ್ ಹೊಡೆದು ಬ್ಲೇಡನ್ನು ಬಿಗಿ ಮಾಡಬಹುದಿತ್ತು, ಆದರೆ ನಮ್ಮ ಹಿನ್ನೀರಿನಲ್ಲಿ ಜೂನ್ ತಿಂಗಳಲ್ಲಿ ಎಲ್ಲಿ ಹೂಳು, ಎಲ್ಲಿ ಮರದ ಬೊಡ್ಡೆ ಹೇಳಲಾಗದು. ಅದಕ್ಕೇ ಹಗ್ಗದ ಕೊನೆಗೆ ತೆಳು ದಾರದ ಒಂದು ಕುಣಿಕೆ. ತಗುಲಿದರೆ ದಾರ ಕಿತ್ತುಹೋಗುತ್ತದೆ, ಚುಕ್ಕಾಣಿ ಉಳಿಯುತ್ತದೆ. ಯಾವ ದಾರ, ಎಷ್ಟು ಸುತ್ತು ಅನ್ನೋದು ನನ್ನ ಹತ್ತಿರವೇ ಇರಲಿ.

ಇಷ್ಟಕ್ಕೇ ಅರ್ಧಕ್ಕಿಂತ ಜಾಸ್ತಿ ಭಾರ ಇಳಿಯಿತು. ರುಚಿ ಹತ್ತಿತು ನೋಡಿ, ಬ್ಲೇಡನ್ನೇ ಹೊಸದಾಗಿ ಮಾಡಿದೆ. ಒಂಬತ್ತು ಮಿ.ಮೀ. ಮರೈನ್ ಪ್ಲೈ ಎರಡು ತುಂಡು ಎಪಾಕ್ಸಿಯಲ್ಲಿ ಅಂಟಿಸಿ, ಮೇಲೆ ಒಂದು ಪದರ ಗ್ಲಾಸ್ ಕ್ಲಾತ್ (ಗಾಜಿನ ನಾರಿನ ಬಟ್ಟೆ). ಮುಂದಿನ ಅಂಚು ದುಂಡಗೆ, ದಪ್ಪ ಮುಂದಿನಿಂದ ಮೂರನೇ ಒಂದು ಭಾಗದಲ್ಲಿ, ಹಿಂದಿನ ಅಂಚು ಎರಡು ಮಿ.ಮೀ.ಗೆ ಚೌಕ. ಪ್ಲೈನ ಪದರಗಳೇ ಗೆರೆಗಳಾಗಿ ಕಾಣುತ್ತವೆ, ಎರಡೂ ಕಡೆ ಅವು ಸಮ ಬಂದರೆ ಆಕಾರವೂ ಸಮ. ಬ್ಲೇಡ್ ಮುಂದೆ ಹೋಗದಂತೆ ತಡೆಯುವ ಸ್ಟಾಪ್ ಕೊಂಚ ತೆಗೆದು ಬ್ಲೇಡ್ ನೇರಕ್ಕಿಂತ ಒಂದು ಕೂದಲು ಮುಂದೆ ಬರುವಂತೆ ಮಾಡಿದೆ. ಇನ್ನೂ ಮುಂದೆ ತಂದು ನೋಡಿದ್ದೂ ಉಂಟು. ಟಿಲ್ಲರ್ ತಾನೇ ಓಡತೊಡಗಿತು, ಕೈಗೆ ಏನೂ ತಿಳಿಯದು. ರೇಸಿಗೆ ಇಳಿಯುವವರು ಮೊದಲು ತಮ್ಮ ದೋಣಿ ಮಾದರಿಯ ಕ್ಲಾಸ್ ನಿಯಮ ಓದಿಕೊಳ್ಳಿ.

ಸುಮ್ನೆ ಕುತೂಹಲಕ್ಕೆ ಬ್ಲೇಡಿನ ತುದಿಗೆ ಒಂದು ಅಡ್ಡ ತಟ್ಟೆಯನ್ನೂ ಕೂಡಿಸಿದ್ದೆ. ಹಿಡಿತ ಹೆಚ್ಚಿತೋ ಇಲ್ಲವೋ ಗೊತ್ತಾಗುವ ಮೊದಲೇ ಮೊಳದುದ್ದದ ಪಾಚಿ ಕಟ್ಟಿಕೊಂಡು ಬಂತು. ಗರಗಸದಲ್ಲಿ ಕೊಯ್ದೆ. ಹೊಸ ಬ್ಲೇಡ್ ವೇಗದಲ್ಲಿ ಗುಂಯ್ ಅನ್ನುತ್ತಿತ್ತು. ಹಿಂದಿನ ಅಂಚನ್ನು ಒಂದೇ ಕಡೆ ಓರೆಯಾಗಿ ಉಜ್ಜಿದ ಮೇಲೆ ನಿಂತಿತು.

ಉಳಿದ ಅಲ್ಪ ಎಳೆತ ನಿಜವಾದ ವೆದರ್ ಹೆಲ್ಮ್. ಹಳೇ ಮೇನ್‌ಸೇಲಿನ ಹೊಟ್ಟೆ ಹಿಂದಕ್ಕೆ ಹೋಗಿತ್ತು, ಹಾಯಿಯ ಮುಂದಿನ ಅಂಚನ್ನು ಬಿಗಿ ಮಾಡುವ ಹಗ್ಗ ಕನ್ನಿಂಗ್‌ಹ್ಯಾಮ್ ಎಳೆದು ಮುಂದೆ ತಂದೆ. ಜೋರು ಗಾಳಿಯಲ್ಲಿ ದೋಣಿಯಡಿಯ ನಡುಹಲಗೆ ಸೆಂಟರ್‌ಬೋರ್ಡ್ ಕಾಲು ಭಾಗ ಮೇಲೆತ್ತುತ್ತೇನೆ. ದೋಣಿ ಪಕ್ಕಕ್ಕೆ ಕೊಂಚ ಜಾರುತ್ತದೆ, ಪರವಾಗಿಲ್ಲ. ಪಕ್ಕಕ್ಕೆ ವಾಲಿದ ದೋಣಿ ಗಾಳಿ ಕಡೆ ತಿರುಗಿಯೇ ತಿರುಗುತ್ತದೆ, ಅದಕ್ಕೆ ಯಾವ ಬ್ಲೇಡೂ ಮದ್ದಲ್ಲ. ಶೀಟ್ (ಹಾಯಿ ಎಳೆದು ಹಿಡಿಯುವ ಹಗ್ಗ) ಸಡಿಲ ಬಿಡಿ, ಹೊರಗೆ ಬಾಗಿ.

ಹಾಯಿ ಬದಲಾಯಿಸಿ ಅಂದಿದ್ದವರಲ್ಲಿ ಇಬ್ಬರು ಈಗ ಇಂಥದ್ದೇ ಬ್ಲೇಡ್ ಮಾಡಿಕೊಡಿ ಅಂತಿದ್ದಾರೆ. ಆಗಬಹುದು. ಪ್ಲೈ ಅವರೇ ತರಬೇಕು, ಉಜ್ಜುವ ಕೆಲಸವೂ ಅವರದ್ದೇ.