ವಿಂಡೋಸ್ ಭದ್ರತಾ ಅಪ್‌ಡೇಟ್: ಹಾಕಿಕೊಳ್ಳುವ ಕ್ರಮ, ಕೈಕೊಟ್ಟಾಗಿನ ಉಪಾಯ

ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತದೆ. 2003ರ ಅಕ್ಟೋಬರ್‌ನಿಂದ ನಡೆದುಬಂದಿರುವ ಈ ಪದ್ಧತಿಗೆ ‘ಪ್ಯಾಚ್ ಟ್ಯೂಸ್‌ಡೇ’ ಎಂಬ ಹೆಸರೇ ಬಿದ್ದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಗಿನ ಹತ್ತು ಗಂಟೆ. ನಮ್ಮಲ್ಲಿ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಹಾಗಾಗಿ ರೀಸ್ಟಾರ್ಟ್ ಮಾಡಿರೆಂಬ ಸೂಚನೆ ಭಾರತದ ಬಳಕೆದಾರರಿಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಬುಧವಾರದ ನಂತರ, ಅದೂ ಕೆಲಸದ ನಡುವೆ. ಅದನ್ನು ಮುಚ್ಚಿ ಮುಂದೆ ಹೋಗುವವರೇ ಹೆಚ್ಚು.

ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ 2017ರ ‘ವನ್ನಾಕ್ರೈ’ ದಾಳಿಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಆ ದಾಳಿ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಅಪ್‌ಡೇಟ್ ಕೊಟ್ಟಿತ್ತು. ದಾಳಿ ಹಬ್ಬಿದ್ದು ಮೇ 12ರಂದು. ನಡುವಿನ ಎರಡು ತಿಂಗಳಲ್ಲಿ ಅದನ್ನು ಹಾಕಿಕೊಳ್ಳದ ಯಂತ್ರಗಳೇ ಬಹುಪಾಲು ಬಲಿಯಾದವು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳ ತಪಾಸಣೆ ಮತ್ತು ಶಸ್ತ್ರಚಿಕಿತ್ಸೆಗಳನ್ನು ರದ್ದುಪಡಿಸಬೇಕಾಯಿತು. ಅಪ್‌ಡೇಟ್ ಹೊರಬಿದ್ದ ಕೂಡಲೇ ದಾಳಿಕೋರರು ಹಳೆಯ ಮತ್ತು ಹೊಸ ಕಡತಗಳನ್ನು ಹೋಲಿಸಿ, ಎಲ್ಲಿ ತೇಪೆ ಹಾಕಲಾಗಿದೆ ಎಂದು ಪತ್ತೆಹಚ್ಚುತ್ತಾರೆ. ಬಿಡುಗಡೆಯ ನಂತರದ ವಾರಗಳಲ್ಲಿ ಅಪಾಯ ಕಡಿಮೆಯಾಗುವ ಬದಲು ಏರುವುದು ಈ ಕಾರಣಕ್ಕೆ.

ಶುರು ಮಾಡುವ ಮುನ್ನ

ಮೊದಲಿಗೆ ನಿಮ್ಮ ಯಂತ್ರದಲ್ಲಿರುವುದು ಯಾವ ವಿಂಡೋಸ್, ಅದರ ಯಾವ ಆವೃತ್ತಿ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗಿನ ‘ಅಬೌಟ್’ ಪುಟದಲ್ಲಿ ನೋಡಿಕೊಳ್ಳಿ. ಬಳಿಕ ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಖಾಲಿಯಿದೆ ನೋಡಿ. ಹತ್ತು ಜಿಬಿಗಿಂತ ಕಡಿಮೆಯಿದ್ದರೆ ಅಪ್‌ಡೇಟ್ ಅರ್ಧಕ್ಕೇ ನಿಲ್ಲುವ ಸಾಧ್ಯತೆಯಿರುವುದರಿಂದ, ‘ಸ್ಟೋರೇಜ್’ ಪುಟದ ‘ಟೆಂಪರರಿ ಫೈಲ್ಸ್’ ಮೂಲಕ ಬೇಡದ ಕಡತಗಳನ್ನು ತೆಗೆಯಿರಿ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಫೋಲ್ಡರ್ ಕೂಡ ಇರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟು, ಮಕ್ಕಳ ಅಂಕಪಟ್ಟಿ ಎಲ್ಲವೂ ಅನೇಕರ ಯಂತ್ರದಲ್ಲಿ ಉಳಿದಿರುವುದು ಅಲ್ಲಿಯೇ ಆದ್ದರಿಂದ, ಅದಕ್ಕೆ ಮಾತ್ರ ಗುರುತು ಹಾಕಬೇಡಿ.

ಹೆಚ್ಚಿನವರು ಬಿಟ್ಟುಬಿಡುವ ಸಿದ್ಧತೆಯೊಂದಿದೆ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ವ್ಯವಸ್ಥೆಯು ಮಾಲೀಕರ ಗಮನಕ್ಕೇ ಬಾರದೆ ಚಾಲೂ ಆಗಿರುತ್ತದೆ. 2024ರ ಜುಲೈ ತಿಂಗಳ ಅಪ್‌ಡೇಟ್ ಹಾಕಿದ ನಂತರ ಕೆಲವು ಯಂತ್ರಗಳು ನೇರವಾಗಿ ನೀಲಿ ಪರದೆಗೆ ಹೋಗಿ 48 ಅಂಕಿಗಳ ರಿಕವರಿ ಕೀ ಕೇಳಿದವು. ಮರು ತಿಂಗಳು ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಈ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಬೇರೊಂದು ಫೋನಿನಿಂದ ಆ ಖಾತೆಗೆ ಹೋಗಿ, ಕೀಯನ್ನು ಈಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಒಳಗಿನ ಕಡತಗಳನ್ನು ಯಾವ ತಂತ್ರಜ್ಞನೂ ತೆಗೆದುಕೊಡಲಾರ. ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ಹಾಕಿಕೊಳ್ಳುವುದು ಹೇಗೂ ಒಳ್ಳೆಯದು.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಡಿ. ಡೆಸ್ಕ್‌ಟಾಪ್ ಆದರೆ, ಕರೆಂಟು ಹೋಗುವ ಹೊತ್ತನ್ನು ತಪ್ಪಿಸಿ, ಯುಪಿಎಸ್ ಇದ್ದೇ ಕೆಲಸ ಶುರು ಮಾಡಿ.

ಹಾಕಿಕೊಳ್ಳುವ ಕ್ರಮ

ಸೆಟ್ಟಿಂಗ್ಸ್ ತೆರೆದು ‘ವಿಂಡೋಸ್ ಅಪ್‌ಡೇಟ್’ ಆಯ್ದು, ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ಹೆಸರಿನಲ್ಲಿ ‘ಕ್ಯುಮುಲೇಟಿವ್’ ಎಂದಿರುವುದು ಅಥವಾ ಬರೀ ‘ಸೆಕ್ಯುರಿಟಿ ಅಪ್‌ಡೇಟ್’ ಎಂದಿರುವುದು ತಿಂಗಳ ಮುಖ್ಯ ಕಂತು. ಹಿಂದಿನ ತಿಂಗಳುಗಳ ದುರಸ್ತಿಯೂ ಅದರೊಳಗೇ ಇರುವುದರಿಂದ, ಆರು ತಿಂಗಳು ತಪ್ಪಿಸಿದವರು ಆರನ್ನೂ ಒಂದೊಂದಾಗಿ ಹಾಕಬೇಕಿಲ್ಲ. ‘ಪ್ರಿವ್ಯೂ’ ಎಂಬ ಹೆಸರಿನದು ಐಚ್ಛಿಕ. ಮನೆಯ ಬಳಕೆಗೆ ಅದನ್ನು ಬಿಟ್ಟುಬಿಡಬಹುದು.

ಫೋನಿನ ಹಾಟ್‌ಸ್ಪಾಟ್ ಬಳಸುವವರು ಒಂದು ವಿಷಯ ಗಮನಿಸಬೇಕು. ಡೇಟಾ ಉಳಿಸಲೆಂದು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದ್ದರೆ ವಿಂಡೋಸ್ ಬಹುತೇಕ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ, ಮತ್ತು ಈ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೂ ಗೊತ್ತಾಗುವುದಿಲ್ಲ. ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಇದಕ್ಕೆ ಅನುಮತಿ ಕೊಡುವ ಗುಂಡಿಯಿದೆ. ಒಂದು ಕಂತು ದಿನದ ಡೇಟಾ ಪ್ಯಾಕನ್ನು ಪೂರ್ತಿ ನುಂಗುವುದೂ ಉಂಟು; ವೈಫೈ ಇರುವ ಕಡೆ ಯಂತ್ರ ಒಯ್ಯುವುದು ಮೇಲು.

ಇಳಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ವಿಂಡೋಸ್ ಓಡುತ್ತಿರುವಾಗ ಅದರ ಮೂಲ ಕಡತಗಳು ಬಳಕೆಯಲ್ಲಿರುತ್ತವೆ, ಅವನ್ನು ಬದಲಿಸಲು ಸಾಧ್ಯವಾಗುವುದು ರೀಸ್ಟಾರ್ಟ್ ವೇಳೆಯಲ್ಲಿ ಮಾತ್ರ. ಲ್ಯಾಪ್‌ಟಾಪಿನ ಮುಚ್ಚಳ ಮಡಚಿಟ್ಟರೆ ಅದು ಆಗದು. ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇರುವ ಯಂತ್ರಗಳಲ್ಲಿ ಬರೀ ‘ಶಟ್ ಡೌನ್’ ಒತ್ತಿದರೂ ವಿಂಡೋಸ್‌ನ ಒಳತಿರುಳು ಡಿಸ್ಕಿನಲ್ಲಿ ಹಾಗೇ ಉಳಿದು, ಮರುದಿನ ಅಲ್ಲಿಂದಲೇ ಎದ್ದುಬರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ‘ಅಪ್ ಟೈಮ್’ ನೋಡಿದರೆ, ದಿನವೂ ಮುಚ್ಚುತ್ತಿದ್ದೇವೆಂದುಕೊಂಡ ಯಂತ್ರ ವಾರಗಟ್ಟಲೆ ಓಡುತ್ತಿರುವುದು ಕಾಣಬಹುದು. ಆದ್ದರಿಂದ ‘ಅಪ್‌ಡೇಟ್ ಅಂಡ್ ರೀಸ್ಟಾರ್ಟ್’ ಅನ್ನೇ ಆರಿಸಿ. ಯಂತ್ರ ಮತ್ತೆ ತೆರೆದುಕೊಂಡ ಮೇಲೆ ‘ಅಪ್‌ಡೇಟ್ ಹಿಸ್ಟರಿ’ಗೆ ಹೋಗಿ, ಆ ದಿನದ ಸಾಲಿನಲ್ಲಿ ಯಶಸ್ವಿಯಾಗಿದೆ ಎಂದಿದೆಯೋ ವಿಫಲವೆಂದಿದೆಯೋ ಓದಿಕೊಳ್ಳಿ.

ಕೈಕೊಟ್ಟಾಗ

ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತ, ಶೇಕಡಾ 30ರಲ್ಲೋ 75ರಲ್ಲೋ ಅಂಕಿ ನಿಂತುಬಿಡುವುದು ಸಾಮಾನ್ಯ ದೂರು. ಸುತ್ತುವ ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಒಂದೆರಡು ಗಂಟೆ ಹಿಡಿಯುವುದು ವಿಶೇಷವೇನಲ್ಲ. ಕ್ಯಾಬಿನೆಟ್ಟಿನ ಮುಂಭಾಗದ ಡಿಸ್ಕ್ ದೀಪ ಆಗಾಗ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ. ಪವರ್ ಗುಂಡಿ ಮುಟ್ಟಬೇಡಿ. ದೀಪ ಬಹಳ ಹೊತ್ತು ಮಿಸುಕದೆ, ಮೂರು ನಾಲ್ಕು ಗಂಟೆಯಾದರೂ ಅಂಕಿ ಕದಲದಿದ್ದರೆ ಮಾತ್ರ ಗುಂಡಿಯನ್ನು ಒತ್ತಿಹಿಡಿದು ಆರಿಸಿ. ಮತ್ತೆ ಚಾಲೂ ಮಾಡಿದಾಗ ವಿಂಡೋಸ್ ಬಹುಮಟ್ಟಿಗೆ ತಾನೇ ಹಿಂದಿನ ಸ್ಥಿತಿಗೆ ಮರಳುತ್ತದೆ.

ವಿಫಲವಾದಾಗ ಕಾಣುವ ದೋಷಸಂಕೇತವನ್ನು ಬರೆದುಕೊಳ್ಳಿ. 80070070 ಎಂದು ಮುಗಿದರೆ ಜಾಗ ಸಾಲದು. 80070643 ಎಂಬುದು ಸ್ಥಾಪನೆ ಸೋತಿದೆ ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ರ ಕೆಬಿ 5034441 (ಕೆಬಿ ಎಂಬುದು ಪ್ರತಿ ಕಂತಿಗೂ ಮೈಕ್ರೋಸಾಫ್ಟ್ ಕೊಡುವ ಗುರುತಿನ ಸಂಖ್ಯೆ) ಎಂಬ ಅಪ್‌ಡೇಟ್ ಅನೇಕ ಯಂತ್ರಗಳಲ್ಲಿ ಇದೇ ಸಂಕೇತ ತೋರಿಸಿ ಪದೇ ಪದೇ ಸೋತಿತು. ನಿಜವಾದ ಕಾರಣವೆಂದರೆ ರಿಕವರಿಗೆಂದು ಮೀಸಲಾದ ಗುಪ್ತ ವಿಭಾಗದಲ್ಲಿ 250 ಎಂಬಿ ಖಾಲಿ ಇಲ್ಲದಿದ್ದುದು. ಸಿ ಡ್ರೈವ್‌ನಲ್ಲಿ ನೂರು ಜಿಬಿ ಖಾಲಿಯಿದ್ದವರಿಗೂ ಈ ತೊಂದರೆ ತಪ್ಪಲಿಲ್ಲ. ಹಾಗಾಗಿ ತಂತ್ರಜ್ಞರ ಹತ್ತಿರ ಹೋಗುವಾಗ ದೋಷಸಂಕೇತದ ಜೊತೆಗೆ ಕೆಬಿ ಸಂಖ್ಯೆಯನ್ನೂ ಒಯ್ಯಿರಿ.

ಅದೇ ಕಂತು ಮತ್ತೆ ಮತ್ತೆ ಸೋಲುತ್ತಿದ್ದರೆ ಇಳಿಸಿಕೊಂಡ ಕಡತಗಳು ಕೆಟ್ಟಿರಬಹುದು. ಮೊದಲು ವಿಂಡೋಸ್‌ನ ‘ಟ್ರಬಲ್‌ಶೂಟರ್’ ಓಡಿಸಿ. ಆಗಲೂ ಬಗ್ಗದಿದ್ದರೆ, ವಿಂಡೋಸ್ 11ರ ಹೊಸ ಆವೃತ್ತಿಗಳ ‘ರಿಕವರಿ’ ಪುಟದಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕವೇ ಮರುಸ್ಥಾಪಿಸುವ ಆಯ್ಕೆಯಿದ್ದು, ಅದು ನಿಮ್ಮ ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಂಡು ವ್ಯವಸ್ಥೆಯ ಕಡತಗಳನ್ನು ಮಾತ್ರ ಹೊಸದಾಗಿ ಹಾಕುತ್ತದೆ. ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಸಿ ಎಂಬ ಅಂಗಡಿಯವರ ಸಲಹೆಗೆ ಒಪ್ಪುವ ಮುನ್ನ ಇದನ್ನು ಮಾಡಿನೋಡಿ.

ವಿಂಡೋಸ್ ತೆರೆದುಕೊಳ್ಳಲೇ ಇಲ್ಲವಾದರೆ, ಆರಂಭದಲ್ಲಿ ಕೆಲವು ಸಲ ಸೋತ ಬಳಿಕ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಎಂದು ಸಾಗಿ, ಕೊನೆಯ ‘ಕ್ವಾಲಿಟಿ ಅಪ್‌ಡೇಟ್’ ತೆಗೆಯಿರಿ.

ಒಂದೇ ಪ್ರಿಂಟರನ್ನು ಎರಡು ಮೂರು ಕಂಪ್ಯೂಟರ್‌ಗಳು ಹಂಚಿಕೊಂಡಿರುವ ಡಿಟಿಪಿ, ಝೆರಾಕ್ಸ್ ಅಂಗಡಿಗಳ ಕಥೆ ಬೇರೆ. 2021ರ ಸೆಪ್ಟೆಂಬರ್ ಅಪ್‌ಡೇಟ್ ಬಂದಾಗ ಇಂಥ ಜಾಲಗಳಲ್ಲಿ 0000011ಬಿ ಎಂಬ ಸಂಕೇತ ತೋರಿಸಿ ಮುದ್ರಣ ನಿಂತುಹೋಯಿತು. ಪ್ರಿಂಟರ್ ಸಂಪರ್ಕದ ಭದ್ರತೆಯನ್ನು ಬಿಗಿಗೊಳಿಸಿದ್ದೇ ಅದಕ್ಕೆ ಕಾರಣ. ವಿಂಡೋಸ್ ತನ್ನ ಒಳ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಿಸಿ ಆ ಬಿಗಿಯನ್ನೇ ಸಡಿಲಿಸುವ ಉಪಾಯ ಎಲ್ಲೆಡೆ ಹರಿದಾಡಿತು. ಮುದ್ರಣ ಮರಳಿತಾದರೂ ಮುಚ್ಚಿದ ದೋಷವೂ ಮತ್ತೆ ತೆರೆದುಕೊಂಡಿತು. ಪ್ರಿಂಟರ್ ಇರುವ ಯಂತ್ರ ಮತ್ತು ಅದಕ್ಕೆ ಕಳಿಸುವ ಯಂತ್ರ ಎರಡಕ್ಕೂ ಒಟ್ಟಿಗೆ ಅಪ್‌ಡೇಟ್ ಹಾಕಿ, ಪ್ರಿಂಟರಿನ ಹೊಸ ಡ್ರೈವರ್ ಸ್ಥಾಪಿಸುವುದೇ ಸರಿಯಾದ ದಾರಿ.

ಇಂಥ ಪ್ರಸಂಗಗಳಿಂದ ಬೇಸತ್ತವರು ಅಪ್‌ಡೇಟ್ ಸೇವೆಯನ್ನೇ ನಿಲ್ಲಿಸಿಬಿಡುತ್ತಾರೆ. ಅದು ಬೇಡ. ‘ಪಾಜ್ ಅಪ್‌ಡೇಟ್ಸ್’ ಒತ್ತಿ ಒಂದು ವಾರ ತಡೆಯುವುದು ನ್ಯಾಯವೇ. ಕಂತಿನಲ್ಲಿ ದೊಡ್ಡ ಲೋಪವಿದ್ದರೆ ಅಷ್ಟರಲ್ಲಿ ಸುದ್ದಿಯಾಗಿರುತ್ತದೆ. ಐದು ವಾರದವರೆಗೂ ತಡೆಯಲು ಅವಕಾಶವಿದೆ, ಆದರೆ ಬಿಡುಗಡೆಯ ನಂತರದ ವಾರಗಳಲ್ಲಿ ಅಪಾಯ ಏರುವುದನ್ನು ನೆನೆದರೆ ಅದು ಅತಿಯಾಯಿತು.

ವಿಂಡೋಸ್ 10 ಬಳಸುತ್ತಿರುವವರಿಗೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ನಂತರದ ಒಂದು ವರ್ಷಕ್ಕೆ ಭದ್ರತಾ ಕಂತುಗಳನ್ನು ವಿಸ್ತರಿಸಿಕೊಳ್ಳುವ ನೋಂದಣಿ ಗೃಹಬಳಕೆದಾರರಿಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸಿಗುತ್ತದೆ. ಅದಕ್ಕೆ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಕೂಡ, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಹಣ ತೆತ್ತೂ ಪಡೆಯಬಹುದು, ಯಂತ್ರದ ಸೆಟ್ಟಿಂಗ್ಸ್ ಅನ್ನು ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣವಿಲ್ಲದೆಯೂ ಪಡೆಯಬಹುದು. ಆ ವಿಸ್ತರಣೆಯ ಅವಧಿ 2026ರ ಅಕ್ಟೋಬರ್ 13ರವರೆಗೆ.